ಸಿನಿಮಾಕ್ಕೆ ಹೂಂಗುಟ್ಟಿದ ಮಾವ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಸೊಸೆ ಎಂದೇ ಕರೆಯುತ್ತಿದ್ದರು. ಅವಳು ಬಾಯಿ ತೆರೆಯುವುದೇ ಅಪರೂಪ; ತೆರೆದರೆ ಮೊದಲ ಮಾತು "ನಮ್ಮ ಮಾವ" ಎಂದಿರುತ್ತಿತ್ತು. ನಮ್ಮ ಮಾವ ಹೀಗಂತಾರೆ, ನಮ್ಮ ಮಾವನಿಗೆ ಮಂಡಿ ನೋವು, ನಮ್ಮ ಮಾವ ನಿನ್ನೆ ಹೊಸ ಪದ ಹೇಳಿದರು. ಕೆಲಸಕ್ಕೆ ಸೇರಿದ ಸ್ವಲ್ಪ ದಿನದಲ್ಲೇ ಅವಳ ನಿಜವಾದ ಹೆಸರು ಮೂಲೆ ಸೇರಿತು. ಮದುವೆಯಾಗಿ ಬಂದದ್ದು ಒಂದು ಮನೆಗೆ, ಆದರೆ ಈಗ ಇಡೀ ಲಾಂಡ್ರಿಗೇ ಅವಳು ಸೊಸೆ.

ಅವಳ ಜೊತೆಗಾತಿಗೆ ಇಟ್ಟಿದ್ದ ಹೆಸರು ಲೌಡ್‌ಸ್ಪೀಕರ್. ಕಾರಣ ಹೇಳಬೇಕಾಗಿಲ್ಲ. ಹೋಟೆಲುಗಳಿಂದ ಬರುವ ದೊಡ್ಡ ಬೆಡ್‌ಶೀಟುಗಳನ್ನು ಮಡಚಲು ಇಬ್ಬರು ಬೇಕು. ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ ಹಿಡಿದು ಎಳೆದು ಜಾಡಿಸಿ, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿ, ಮತ್ತೆ ಹಿಂದಕ್ಕೆ ಸರಿಯಬೇಕು. ದೂರ ಹೋದಾಗ ಲೌಡ್‌ಸ್ಪೀಕರ್ ಕೂಗಿ ಹೇಳುತ್ತಿದ್ದಳು. ಹತ್ತಿರ ಬಂದಾಗಲೂ ಕೂಗಿಯೇ ಹೇಳುತ್ತಿದ್ದಳು. ಆ ವಾರವೆಲ್ಲ ಅವಳ ಬಾಯಲ್ಲಿ ಒಂದೇ ವಿಷಯ, ತಾನು ನೋಡಿಬಂದ ಸಿನಿಮಾ.

"ಕಥೆ ಅಲ್ಲ ಕಣೇ, ಎಲ್ಲಾ ನಿಜ. ಡಾಕ್ಯುಮೆಂಟರಿ ಅಂತಾರಲ್ಲ, ಅದು. ನಾನು ಡಾಕ್ಯುಮೆಂಟರಿ ಅಂದ್ರೆ ನಿದ್ದೆ ಮಾತ್ರೆ ಅಂದ್ಕೊಂಡಿದ್ದೆ. ಇದರಲ್ಲಿ ನಕ್ಕೂ ನಕ್ಕೂ ಪಕ್ಕೆ ಹಿಡ್ಕೊಂಡುಬಿಡ್ತು. ಸಿನಿಮಾ ಮಾಡಿದೋನೇ ಒಬ್ಬ ಕಡ್ಡಿ ಪೈಲ್ವಾನ, ದೇವರನ್ನ ನಂಬೋರ ಬಾಗಿಲು ಬಾಗಿಲಿಗೆ ಹೋಗಿ 'ಮೇಲಿನವರು ಮನೇಲಿದ್ದಾರಾ?' ಅಂತ ಕೇಳ್ತಾನೆ. ಸಿನಿಮಾದ ಹೆಸರೂ ಅದೇ."

"ಛೆ," ಎಂದಳು ಸೊಸೆ.

"ಛೆ ಅನ್ನೋದು ಆಮೇಲೆ, ಮೊದಲು ಕೇಳು. ಫೋನಲ್ಲೇ ಪ್ರಾರ್ಥನೆ ಮಾಡಿಕೊಡೋ ಕಂಪನಿ ಒಂದಿದೆಯಂತೆ. ಇವನು ಫೋನ್ ಹಚ್ತಾನೆ. ಆರೋಗ್ಯಕ್ಕಾಗಿ ಒಂದನ್ನು ಒತ್ತಿ, ಸಂತಾನಕ್ಕಾಗಿ ಎರಡನ್ನು ಒತ್ತಿ, ಕ್ಷಮೆಗಾಗಿ ಮೂರನ್ನು ಒತ್ತಿ. ಇವನು ಮೂರು ಒತ್ತುತ್ತಾನೆ. ಆ ಕಡೆಯಿಂದ ಹೆಣ್ಣು ದನಿ: 'ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ನಿಮ್ಮ ಪಾಪವನ್ನು ಸಿದ್ಧವಾಗಿಟ್ಟುಕೊಳ್ಳಿ.'"

ಸೊಸೆಗೆ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಅಂಚು ಜಾರಿ, ಒಗೆದ ಶೀಟು ಒದ್ದೆ ನೆಲ ಮುಟ್ಟಿತು. ಲೌಡ್‌ಸ್ಪೀಕರ್ ಗೆದ್ದವಳ ಹಾಗೆ ಸೊಂಟದ ಮೇಲೆ ಕೈಯಿಟ್ಟಳು. "ನೋಡ್ದಾ? ಭಕ್ತೆಗೂ ನಗು ಬಂತು! ನಿಮ್ಮ ಮಾವನ್ನೂ ಕರ್ಕೊಂಡು ಹೋಗೇ, ಪಾಪ ಸಿದ್ಧವಾಗಿಟ್ಟುಕೊಂಡು."

"ಸುಮ್ನಿರೇ," ಎಂದು ಸೊಸೆ ಶೀಟನ್ನು ಮತ್ತೆ ನೀರಿಗೆ ಹಾಕಿದಳು. ನಕ್ಕಿದ್ದು ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತಿತು. ಸಂಜೆ ಮನೆಗೆ ಹೋಗಿ ಯಾವ ಮುಖ ಹೊತ್ತು ಮಾವನ ಪಕ್ಕ ಕೂರುವುದು?

ಮಾವನ ಪಕ್ಕ ಕೂರುವುದು ಅವಳ ಇನ್ನೊಂದು ಕೆಲಸ. ಸಂಬಳವಿಲ್ಲದ ಆ ಕೆಲಸವೇ ಅವಳಿಗೆ ಮುಖ್ಯ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಪ್ರಾರ್ಥನೆಯ ಮನೆ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಉದ್ದನೆಯ ಕೋಣೆ, ನೆಲಕ್ಕೆ ಜಮಖಾನೆ, ಎದುರಿಗೆ ಕೈಗಳಿರುವ ಒಂದು ಮರದ ಕುರ್ಚಿ. ವಾರಕ್ಕೊಮ್ಮೆ ಮಾವ ಆ ಕುರ್ಚಿಯಲ್ಲಿ ಕೂತು ದೇವರ ಪದಗಳನ್ನು ಹೇಳುತ್ತಾರೆ. ಎಲ್ಲವೂ ಬಾಯಿಪಾಠ. ಹಿಂದೆ ರೈಲು ನಿಲ್ದಾಣದಲ್ಲಿ ಬರುವ ಹೋಗುವ ಗಾಡಿಗಳನ್ನು ಕೂಗುತ್ತಿದ್ದ ದನಿ ಅದು. ಕಣ್ಣು ಹೋದ ಮೇಲೂ ದನಿಗೆ ಏನೂ ಆಗಿರಲಿಲ್ಲ. ಕುರ್ಚಿಯ ಪಕ್ಕದ ಮಣೆಯ ಮೇಲೆ ಹೂಂಗುಟ್ಟುವವರು ಕೂರಬೇಕು. ಒಂದು ಪದ ಮುಗಿದಾಗ ಅವರು "ಹೂಂ" ಎಂದರೆ ಮಾತ್ರ ಮುಂದಿನ ಪದ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕಿವಿ ಕೇಳಿ ಮನಸ್ಸು ಬೇರೆ ಕಡೆ ಹೋಗಿದ್ದರೆ ಹೂಂ ಅನ್ನುವ ಹಾಗಿಲ್ಲ. ಸುಮ್ಮನಿರಬೇಕು. ಆಗ ಹೇಳುವವರು ಸಿಟ್ಟಾಗದೆ ಅದೇ ಪದವನ್ನು ಮತ್ತೆ ಹೇಳುತ್ತಾರೆ. ಪೂರ್ತಿ ಕೇಳದೆ ಹೂಂ ಅನ್ನಬಾರದು, ಪೂರ್ತಿ ಕೇಳದೆ ಉಹೂಂ ಅಂತಲೂ ಅನ್ನಬಾರದು. ಆ ಮನೆಯ ಧರ್ಮವೆಲ್ಲ ಇಷ್ಟರಲ್ಲೇ ಇದೆ ಎಂದು ಮಾವ ಹೇಳುತ್ತಿದ್ದರು.

ಸೊಸೆಗೆ ಇದು ಹೊಸದಲ್ಲ. ಅವಳ ಅಜ್ಜಿ ತಲೆ ಬಾಚುವಾಗ ಪದ ಹೇಳುತ್ತ, ಮೊಮ್ಮಗಳು ಹೂಂ ಅನ್ನುವವರೆಗೆ ಬಾಚಣಿಗೆಯನ್ನು ಕೂದಲಲ್ಲೇ ನಿಲ್ಲಿಸಿಬಿಡುತ್ತಿದ್ದಳು. ಹೆಣ್ಣು ನೋಡಲು ಬಂದ ದಿನ ಮಾವ ಕೇಳಿದ್ದು ಓದನ್ನಲ್ಲ, ಅಡುಗೆಯನ್ನಲ್ಲ. ಒಂದು ಪದ ಹೇಳಿ ನಿಲ್ಲಿಸಿದರು. ಬಾಗಿಲ ಮರೆಯಿಂದ ಸರಿಯಾದ ಜಾಗದಲ್ಲಿ "ಹೂಂ" ಬಂತು. "ಇನ್ನೇನು ಕೇಳೋದಿದೆ? ನಡೀರಿ," ಎಂದು ಎದ್ದೇಬಿಟ್ಟರು. ರೈಲಿನ ಗಾರ್ಡ್ ಕೆಲಸದಲ್ಲಿರುವ ಅವಳ ಗಂಡ ಇವತ್ತಿಗೂ ರೇಗಿಸುತ್ತಾನೆ: "ನನಗೆ ಹೆಂಡತಿ ಸಿಕ್ಕಿದ್ದು ಆಕಸ್ಮಿಕ. ಅಪ್ಪನಿಗೆ ಹೂಂ ಬೇಕಾಗಿತ್ತು, ಜೊತೆಗೆ ನೀನು ಬಂದೆ."

ಆ ವಾರದ ಸಭೆಯಲ್ಲಿ ಪದ ಮುಗಿದ ಮೇಲೆ ಅಧ್ಯಕ್ಷರು ಎದ್ದು ನಿಂತರು. ಕನ್ನಡಕದ ಅಂಗಡಿ ಅವರದು. ಪ್ರಾರ್ಥನೆಯ ಮನೆಯ ಬಾಡಿಗೆ, ಬಲ್ಬು, ಜಮಖಾನೆ, ಎಲ್ಲದರ ಚಿಂತೆಯನ್ನೂ ತಲೆಯ ಮೇಲೆ ಹೊತ್ತವರು. ಒಳ್ಳೆಯ ಮನುಷ್ಯ. ಆದರೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆಯುತ್ತಿದ್ದರು, ಆಮೇಲೆ ಎದುರಿಗಿರುವವರು ಯಾರು ಎಂದೇ ಕಾಣುತ್ತಿರಲಿಲ್ಲ.

"ಊರಲ್ಲಿ ಒಂದು ಸಿನಿಮಾ ಬಂದಿದೆ," ಎಂದರು ಕನ್ನಡಕ ತೆಗೆದು. "ಹೆಸರು ಹೇಳಿ ಬಾಯಿ ಹೊಲಸು ಮಾಡಿಕೊಳ್ಳೋದಿಲ್ಲ. ನಂಬಿಕೆ ಇರೋರನ್ನೆಲ್ಲ ಗೇಲಿ ಮಾಡಿದಾನೆ. ಮುಂದಿನ ವಾರ ನಮ್ಮ ಹಿರಿಯರು ಈ ಕುರ್ಚಿಯಿಂದಲೇ ಅದನ್ನ ಖಂಡಿಸಬೇಕು. ಆಮೇಲೆ ಎಲ್ಲರೂ ಸೇರಿ ಥಿಯೇಟರಿನವರ ಹತ್ತಿರ ಹೋಗೋಣ."

ಜನ ತಲೆದೂಗಿದರು. ಹಾಸಿಗೆ ಅಂಗಡಿಯ ಅಕ್ಕ ಎಲ್ಲರಿಗಿಂತ ಜೋರಾಗಿ "ಆಗಲೇಬೇಕು" ಎಂದರು. ಹತ್ತಿ ಹಿಂಜುತ್ತ, ಹೊಲಿಯುತ್ತ, ಗಂಡನಿಲ್ಲದ ಸಂಸಾರ ತೂಗಿಸಿದ ಹೆಂಗಸು. ಸಭೆಗೆ ಒಂದು ವಾರವೂ ತಪ್ಪಿಸಿದವರಲ್ಲ. ಮಾವನ ದನಿ ಕೇಳದಿದ್ದರೆ ವಾರ ಶುರುವೇ ಆಗೋದಿಲ್ಲ ಎನ್ನುತ್ತಿದ್ದರು.

ಮಾವ ಗಂಟಲು ಸರಿ ಮಾಡಿಕೊಂಡರು. "ಕೇಳದೆ ಏನು ಹೇಳಲಿ?"

"ಇಂಥದ್ದನ್ನ ಕೇಳೋದೇನಿದೆ? ವಾಸನೆ ಬಂದರೆ ಸಾಲದಾ?"

"ಮೂಗಿಂದ ತೀರ್ಮಾನ ಮಾಡೋ ಪದ್ಧತಿ ನಮ್ಮಲ್ಲಿಲ್ಲವಲ್ಲ."

ಅಲ್ಲಲ್ಲಿ ಕಿಸಕ್ಕೆಂದರು. ಅಧ್ಯಕ್ಷರ ಮುಖ ಬಿಗಿಯಿತು. "ನೋಡಿ, ಈ ಕುರ್ಚಿ ಅಂದರೆ ಸಭೆಯ ಬಾಯಿ. ಬಾಯಿ ಬೇಕಾದಾಗ ತೆರೆಯದಿದ್ದರೆ, ತೆರೆಯೋರನ್ನ ಕೂರಿಸಬೇಕಾಗುತ್ತೆ. ನನಗೂ ಬೇಜಾರೇ. ಆದರೆ ಹೇಳಿದೀನಿ."

ಮೆಟ್ಟಿಲಿಳಿಯುವಾಗ ಸೊಸೆಯ ಕೈ ಹಿಡಿದಿದ್ದ ಮಾವನ ಬೆರಳು ತಣ್ಣಗಿತ್ತು. ಕುರ್ಚಿ ಎಂದರೆ ಅವರಿಗೆ ಏನೆಂದು ಅವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ವಾರದ ಉಳಿದ ದಿನಗಳಲ್ಲಿ ಅವರು ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುವ ಮುದುಕ. ಗಡ್ಡ ಬೆಳೆದಿದ್ದರೆ ಬೆಳೆದಿತ್ತು, ಅಂಗಿ ತಿರುಗಾಮುರುಗಾ ಇದ್ದರೆ ಇತ್ತು. ಸಭೆಯ ದಿನ ಮಾತ್ರ ಬೆಳಗ್ಗೆಯೇ ಎದ್ದು, "ಇಸ್ತ್ರಿ ಆಗಿದೆಯೇನಮ್ಮಾ?" ಎಂದು ಕೇಳಿ, ಕೆನ್ನೆ ನುಣ್ಣಗೆ ಮಾಡಿಕೊಂಡು, ಕಬ್ಬಿಣದ ಮೆಟ್ಟಿಲನ್ನು ಕೋಲಿಲ್ಲದೆ ಹತ್ತುತ್ತಿದ್ದರು. ಆ ಒಂದು ದಿನ ಹೋದರೆ ಉಳಿದ ದಿನಗಳೂ ಉಳಿಯುವುದಿಲ್ಲ.

"ಮಾವ, ಅಧ್ಯಕ್ಷರು ಹೇಳಿದ ಹಾಗೆ ಎರಡು ಮಾತು ಆಡಿಬಿಡಿ," ಎಂದಳು ಅವಳು. ಮಾವನಿಗೆ ಎದುರಾಡಿದ್ದು ಬಹುಶಃ ಅದೇ ಮೊದಲು.

"ಆಡ್ತೀನಮ್ಮ. ಕೇಳಿಬಂದು ಆಡ್ತೀನಿ. ನಾಳಿದ್ದು ನಿನಗೆ ರಜೆ ಅಲ್ವಾ? ಮಧ್ಯಾಹ್ನದ ಆಟಕ್ಕೆ ಹೋಗೋಣ."

ಟಿಕೆಟ್ ಕಿಟಕಿಯಲ್ಲಿದ್ದ ಹೆಂಗಸು ಬಿಳಿ ಕೋಲನ್ನು ನೋಡಿ ಸೊಸೆಯ ಮುಖ ನೋಡಿದಳು. "ಇವರಿಗೂ ಟಿಕೆಟ್ಟಾ?"

"ಅರ್ಧ ಟಿಕೆಟ್ ಕೊಡ್ತೀರೇನಮ್ಮಾ?" ಎಂದರು ಮಾವ. "ನಾನು ಕೇಳೋದು ಮಾತ್ರ."

ಒಳಗೆ ಜನ ಅಷ್ಟಕ್ಕಷ್ಟೇ. ದೀಪ ಆರಿತು. ಈಗ ಕೆಲಸ ಅದಲುಬದಲಾಯಿತು. ಮಾತು ಮಾವನಿಗೆ ತಾನಾಗಿ ಕೇಳುತ್ತಿತ್ತು. ಕಾಣುವುದನ್ನೆಲ್ಲ ಸೊಸೆ ಅವರ ಕಿವಿಯ ಹತ್ತಿರ ಬಾಗಿ ಹೇಳಬೇಕು. ಅವಳು ಒಂದೊಂದು ಚೂರು ಹೇಳಿ ನಿಲ್ಲಿಸಿದಾಗ ಅವರು "ಹೂಂ" ಅನ್ನುತ್ತಿದ್ದರು. ಅವರ ಬಾಯಿಂದ ಆ ದನಿ ಕೇಳಿದ್ದು ಅವಳಿಗೆ ಹೊಸದು. ಮೊದಮೊದಲು ನಾಚಿಕೆ, ಆಮೇಲೆ ಒಂಥರಾ ಧೈರ್ಯ.

"ಕಡ್ಡಿ ಹಾಗಿದಾನೆ ಮಾವ. ಪ್ಯಾಂಟು ಗಿಡ್ಡ. ಕಾಲುಚೀಲ ಒಂದು ನೀಲಿ, ಒಂದು ಕಂದು."

"ಹೂಂ."

"ಒಂದು ದೊಡ್ಡ ಬಾಗಿಲ ಮುಂದೆ ನಿಂತಿದಾನೆ. ಗಂಟೆ ಒತ್ತಿ, ಒಳ್ಳೆ ಅಳಿಯನ ಹಾಗೆ ಕೂದಲು ಸರಿ ಮಾಡ್ಕೋತಿದಾನೆ."

"ಹೂಂ, ಹೂಂ."

ಹಿಂದಿನ ಸಾಲಿನಿಂದ ಯಾರೋ ಮುಂದೆ ಬಾಗಿದರು. ಬೈಯುತ್ತಾರೆ ಎಂದುಕೊಂಡು ಸೊಸೆ ಮುದುಡಿಕೊಂಡಳು. "ಅಕ್ಕಾ, ಸ್ವಲ್ಪ ಜೋರಾಗಿ ಹೇಳಿ," ಎಂದಿತು ದನಿ. "ಕನ್ನಡಕ ಮನೇಲಿ ಮರೆತು ಬಂದಿದೀನಿ."

ಫೋನಿನ ಪ್ರಾರ್ಥನೆ ಬಂತು. ಪಾಪವನ್ನು ಸಿದ್ಧವಾಗಿಟ್ಟುಕೊಳ್ಳಿ ಎಂದಾಗ ಮಾವ ನಕ್ಕ ರಭಸಕ್ಕೆ ಕೋಲು ಉರುಳಿ ಮುಂದಿನ ಸಾಲಿಗೆ ಹೋಯಿತು. ಅವರ ಮೈ ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಲಾಂಡ್ರಿಯಿಂದ ಹೊತ್ತು ತಂದಿದ್ದ ಕಲ್ಲು ಸೊಸೆಯ ಹೊಟ್ಟೆಯಿಂದ ಅಷ್ಟೊತ್ತಿಗೆ ಎಲ್ಲಿಗೆ ಹೋಯಿತೋ, ಅವಳಿಗೇ ತಿಳಿಯಲಿಲ್ಲ. ಇಬ್ಬರೂ ಸೇರಿ ನಕ್ಕರು.

ಆಮೇಲೆ ಒಬ್ಬ ಗಾರೆ ಕೆಲಸದವನು ಬಂದ. ಎತ್ತರದ ಕಟ್ಟಡಕ್ಕೆ ಹತ್ತುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ. ಕಡ್ಡಿ ಪೈಲ್ವಾನ ಕೇಳಿದ: ಪ್ರಾರ್ಥನೆ ಮಾಡಿದರೆ ಬೀಳೋದಿಲ್ಲವಾ? ಬೀಳಬಹುದು, ನಮ್ಮಣ್ಣ ಬಿದ್ದ, ಎಂದ ಗಾರೆಯವನು. ಮತ್ತೆ ಯಾಕಪ್ಪ ಮಾಡೋದು? "ಬೀಳಬಾರದು ಅಂತ ಅಲ್ಲ ಸಾರ್, ಮೇಲಿರೋಷ್ಟು ಹೊತ್ತು ಕೈ ನಡುಗಬಾರದು ಅಂತ."

"ಕೇಳಿದೋನು ಈಗ ಏನು ಮಾಡ್ತಿದಾನೆ?" ಎಂದರು ಮಾವ ಆತುರದಿಂದ.

"ಏನೂ ಇಲ್ಲ ಮಾವ. ಪೆದ್ದು ಪೆದ್ದಾಗಿ ತಲೆ ಕೆರ್ಕೊಂಡು ನಿಂತಿದಾನೆ. ಗಾರೆಯವನು ಹತ್ತಿ ಹೋದ."

"ಹೂಂ!" ಮಾವ ಕುರ್ಚಿಯ ಕೈ ತಟ್ಟಿದರು. "ಇದನ್ನ ಕತ್ತರಿಸದೆ ಇಟ್ಟಿದಾನಲ್ಲಮ್ಮಾ! ತಾನು ಸೋತಿದ್ದನ್ನೂ ತೋರಿಸ್ತಾನೆ. ಗಟ್ಟಿಗ."

ಅದಾದ ಮೇಲೆ ಮಾತೇ ಇಲ್ಲದ ಒಂದು ತುಣುಕು ಬಂತು. ಕಡ್ಡಿ ಪೈಲ್ವಾನ ಒಂದು ಖಾಲಿ ಪ್ರಾರ್ಥನೆಯ ಮನೆಗೆ ಹೋದ. ಎದುರಿಗಿದ್ದ ಕುರ್ಚಿಯಲ್ಲಿ ಕೂತ. ಕಣ್ಣು ಮುಚ್ಚಿದ. ಒಂದು ಕೈ ಕಿವಿಗೆ ಇಟ್ಟುಕೊಂಡು, ಇನ್ನೊಂದು ಕೈಯನ್ನು ಗಾಳಿಯಲ್ಲಿ ತೇಲಿಸುತ್ತ, ದನಿಯಿಲ್ಲದೆ ಬಾಯಿ ಆಡಿಸತೊಡಗಿದ. ಮೈ ಹಿಂದಕ್ಕೆ ಮುಂದಕ್ಕೆ ತೂಗಿತು. ತೂಗುತ್ತ ತೂಗುತ್ತ ನಿಧಾನವಾಯಿತು. ಗಲ್ಲ ಎದೆಗೆ ಬಿತ್ತು. ನಿದ್ದೆ! ಥಟ್ಟನೆ ಎಚ್ಚರವಾಗಿ, ಯಾರಾದರೂ ನೋಡಿದರಾ ಎಂದು ಆಚೀಚೆ ಕಣ್ಣಾಡಿಸಿ, ಇಮ್ಮಡಿ ಭಕ್ತಿಯಿಂದ ಮತ್ತೆ ತೂಗತೊಡಗಿದ. ಥಿಯೇಟರಿನಲ್ಲಿದ್ದ ಜನ ಬಿದ್ದು ಬಿದ್ದು ನಕ್ಕರು.

ಸೊಸೆಗೆ ಗುರುತು ಹತ್ತಿತು. ಅದು ಮಾವನೇ. ಆ ಕೈ, ಆ ತೂಗಾಟ, ತಿಂಗಳಿಗೊಮ್ಮೆ ಪದದ ನಡುವೆ ಮಂಪರು ಹತ್ತಿ ಬೆಚ್ಚಿ ಏಳುವುದು ಸಹಿತ. ಆ ಮನುಷ್ಯ ಮಾವನನ್ನು ಕಂಡವನಲ್ಲ, ಆದರೂ ಅಷ್ಟನ್ನೂ ಹಿಡಿದುಬಿಟ್ಟಿದ್ದ.

"ಯಾಕಮ್ಮಾ ನಗ್ತಿದಾರೆ?"

"ಒಂದು... ಬೆಕ್ಕು ಬಂತು ಮಾವ. ಪ್ರಾರ್ಥನೆಯ ಮನೆಯೊಳಗೆ. ಅವನನ್ನ ನೋಡಿ ಓಡಿಹೋಯ್ತು."

ಅವಳು ನಿಲ್ಲಿಸಿದಳು. ಮಾವ ಹೂಂ ಅನ್ನಲಿಲ್ಲ.

ಜನ ಮತ್ತೆ ನಕ್ಕರು. ಅವರು ಸುಮ್ಮನೆ ಕೂತಿದ್ದರು. ಮುಖದಲ್ಲಿ ಸಿಟ್ಟಿಲ್ಲ, ಅವಸರವಿಲ್ಲ. ಮತ್ತೆ ಹೇಳಲಿ ಎಂದು ಕಾಯುವವರ ಮುಖ ಅದು. ಇಷ್ಟು ವರ್ಷ ಅವಳ ಮೌನಕ್ಕೆ ಅವರು ಪದವನ್ನು ಹೇಗೆ ಮರಳಿ ಹೇಳುತ್ತಿದ್ದರೋ ಹಾಗೆ ಈಗ ಅವಳ ಸರದಿ.

"ಬೆಕ್ಕಿಲ್ಲ ಮಾವ," ಎಂದಳು. "ಅವನು ನಿಮ್ಮ ಹಾಗೆ ಮಾಡ್ತಿದಾನೆ. ಕುರ್ಚೀಲಿ ಕೂತು, ಕೈ ಕಿವಿಗಿಟ್ಟು ತೂಗ್ತಿದಾನೆ. ತೂಗ್ತಾ ತೂಗ್ತಾ ನಿದ್ದೆ ಹೋದ. ಎಚ್ಚರಾಗಿ, ಯಾರೂ ನೋಡಿಲ್ಲ ಅಂತ ಖಾತ್ರಿ ಮಾಡ್ಕೊಂಡು ಮತ್ತೆ ತೂಗ್ತಿದಾನೆ."

ಮಾವ ಅವಳ ಕಡೆ ವಾಲಿದರು. "ಯಾವ ಕೈ ಕಿವಿಗೆ?"

"ಎಡಗೈ."

"ತಪ್ಪು. ಬಲಗೈ ಇಡಬೇಕು." ಅಷ್ಟು ಹೇಳಿದ್ದೇ ಅವರ ಹೊಟ್ಟೆಯಿಂದ ನಗು ಎದ್ದುಬಂತು. ಉಳಿದ ಜನರ ನಗು ನಿಂತ ಮೇಲೂ ಅವರದು ನಿಲ್ಲಲಿಲ್ಲ. "ಅಯ್ಯೋ ಇವನ! ನಿದ್ದೇನೂ ಬಿಡಲಿಲ್ಲವಲ್ಲ! ಹೂಂ ಕಣಮ್ಮಾ, ಹೂಂ. ಮುಂದೆ ಹೇಳು."

ಕೊನೆಯ ಹೊತ್ತಿಗೆ ಒಬ್ಬ ಅಜ್ಜಿ ಕಾಣಿಸಿಕೊಂಡಳು. ಮಗ ಸತ್ತ ಮೇಲೆ ತಾನು ಪ್ರಾರ್ಥನೆ ನಿಲ್ಲಿಸಿದ್ದು, ಆಮೇಲೆ ಶುರು ಮಾಡಿದ್ದು ಯಾಕೆ ಎಂದು ಹೇಳಲು ಹೊರಟಿದ್ದಳು. ಮಾತು ಅರ್ಧಕ್ಕೆ ಬಂದಾಗ ಕಡ್ಡಿ ಪೈಲ್ವಾನ ಒಂದು ಜೋಕು ಹಾಕಿದ. ಜೋಕು ಚೆನ್ನಾಗಿಯೇ ಇತ್ತು, ಜನ ನಕ್ಕರು, ಚಿತ್ರ ಮುಂದಿನ ಊರಿಗೆ ಹೋಯಿತು. ಮಾವನ ಬಾಯಿಂದ ಹೂಂ ಬರಲಿಲ್ಲ. ಈ ಸಲ ಹೂಂ ತಪ್ಪಿದ್ದು ಸೊಸೆಗಲ್ಲ, ಸಿನಿಮಾಕ್ಕೆ ಎಂದು ಅವಳಿಗೆ ತಿಳಿಯಿತು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಅವಳೇ ಕೇಳಿದಳು. "ನೋವಾಯ್ತಾ ಮಾವ?"

"ಒಂದು ಕಡೆ ಆಯ್ತು. ಆ ತಾಯಿಯ ಮಾತು ಮುಗೀಲಿಲ್ಲ. ಉಳಿದದ್ದೆಲ್ಲ..." ಅವರು ಕೋಲಿನ ತುದಿಯಿಂದ ನೆಲ ಕುಟ್ಟಿದರು. "ಎಷ್ಟು ವರ್ಷದಿಂದ ಪದ ಹೇಳ್ತಿದೀನಿ. ಎಲ್ಲರೂ ಹೂಂ ಅಂದರು. ಒಬ್ಬರಾದರೂ 'ಅದು ಹೇಗ್ರೀ?' ಅಂತ ಕೇಳಲಿಲ್ಲ. ಈ ಪುಣ್ಯಾತ್ಮ ಊರೂರು ಅಲೆದು ಕೇಳ್ತಾನೆ. ಇವನಿಗೆ ನಮ್ಮ ಮೇಲೆ ಎಷ್ಟು ಆಸೆ ಇರಬೇಕು ನೋಡು."

"ಸಭೇಲಿ ಹೀಗೇ ಅಂದರೆ ಕುರ್ಚಿ ಹೋಗುತ್ತೆ."

"ಗೊತ್ತಮ್ಮ," ಎಂದರು ಮಾವ.

ಸಭೆಯ ದಿನ ಕೋಣೆ ತುಂಬಿತ್ತು. ಜಮಖಾನೆಯ ಮೇಲೆ ಜಾಗ ಸಾಲದೆ ಕೆಲವರು ಕಿಟಕಿಗೆ ಒರಗಿ ನಿಂತಿದ್ದರು. ಮಾವ ಕುರ್ಚಿಯಲ್ಲಿ ಕೂತು ಪೀಠಿಕೆಯಿಲ್ಲದೆ ಹೇಳಿದರು. "ಸಿನಿಮಾಕ್ಕೆ ಹೋಗಿದ್ದೆ. ಪೂರ್ತಿ ಕೇಳಿಬಂದೆ. ಬಹಳ ನಕ್ಕೆ." ಫೋನಿನ ಕಥೆ ಹೇಳಿದರು. ಆ ಹೆಣ್ಣು ದನಿಯನ್ನು ತಮ್ಮ ಹಳೆಯ ನಿಲ್ದಾಣದ ದನಿಯಲ್ಲೇ ಕೂಗಿದಾಗ, ನಗಬಾರದೆಂದು ತುಟಿ ಬಿಗಿಹಿಡಿದು ಕೂತಿದ್ದವರ ಬಾಯಿ ಸಡಿಲವಾಯಿತು. ಗಾರೆಯವನ ಮಾತು ಹೇಳಿದರು. ಅಜ್ಜಿಯ ಮಾತು ಹೇಳಿದರು. "ಅಲ್ಲಿ ಅವನು ತಪ್ಪಿದ. ಎದುರು ಸಿಕ್ಕರೆ ಅವನಿಗೇ ಹೇಳ್ತೀನಿ, ನಿಮ್ಮ ಹತ್ತಿರ ದೂರು ಹೇಳೋದಿಲ್ಲ. ಆದರೆ ಅವನ ಪ್ರಶ್ನೆ ತಪ್ಪಲ್ಲ. ನಮ್ಮ ಪದದಲ್ಲೇ ಇದೆಯಲ್ಲ,

ಕದ ತಟ್ಟಿ ನಿಂತಿರುವೆ ಒಳಗಿರುವೆ ನೀನೆಂದು,
ಒಳಗಿಂದ ನೀ ತಟ್ಟಿ ಕೇಳುತ್ತಿ ಯಾರೆಂದು.

ಅಂದ ಮೇಲೆ, ಬಾಗಿಲು ತಟ್ಟೋನನ್ನ ನಾನು ಹೇಗೆ ಬೈಯಲಿ?"

ಅಧ್ಯಕ್ಷರು ಕನ್ನಡಕ ತೆಗೆದರು. ಆದರೆ ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು. ಮುದುಕನನ್ನು ಎಬ್ಬಿಸಲು ಅವರಿಗೂ ಮನಸ್ಸಿರಲಿಲ್ಲ. ತಪ್ಪಿಸಿಕೊಳ್ಳುವ ದಾರಿಯೊಂದನ್ನು ಹುಡುಕುತ್ತಿದ್ದವರು ಅವಳ ಕಡೆ ತಿರುಗಿದರು.

"ಹಿರಿಯರಿಗೆ ಕಣ್ಣಿಲ್ಲ. ನೀನು ಹೇಳಿದ್ದನ್ನ ಅವರು ಕೇಳಿದ್ದು. ನೋಡಮ್ಮ, ಮಾವನ ಮನಸ್ಸು ನೋಯಬಾರದು ಅಂತ ನೀನು ಕೆಟ್ಟದ್ದನ್ನೆಲ್ಲ ಮುಚ್ಚಿ ಒಳ್ಳೇದನ್ನೇ ಹೇಳಿರಬೇಕು. ಹೌದು ಅಂದುಬಿಡು. ಹಿರಿಯರದೇನೂ ತಪ್ಪಿಲ್ಲ ಅಂತ ಆಗುತ್ತೆ. ಕುರ್ಚಿ ಕುರ್ಚಿಯ ಜಾಗದಲ್ಲೇ ಇರುತ್ತೆ."

ಎಲ್ಲರ ಕಣ್ಣೂ ಮಣೆಯ ಮೇಲಿದ್ದವಳ ಕಡೆ ಹೊರಳಿತು. ಆ ಕೋಣೆಯಲ್ಲಿ ಹೂಂ ಬಿಟ್ಟರೆ ಬೇರೆ ಸೊಲ್ಲು ಅವಳ ಬಾಯಿಂದ ಬಂದದ್ದೇ ಇಲ್ಲ. ಹೌದು ಎಂದರೆ ಮುಗಿಯಿತು. ಪೂರ್ತಿ ಸುಳ್ಳೂ ಅಲ್ಲ, ಬೆಕ್ಕನ್ನು ಬಿಟ್ಟವಳು ಅವಳೇ. ಪಕ್ಕಕ್ಕೆ ನೋಡಿದಳು. ಅವಳೇ ಇಸ್ತ್ರಿ ಮಾಡಿದ ಅಂಗಿ, ನುಣ್ಣಗಿನ ಕೆನ್ನೆ. ಮಾವ ಅವಳ ಕಡೆ ಕಿವಿ ತಿರುಗಿಸಿಕೊಂಡು ಕೂತಿದ್ದರು. ಹೀಗೆ ಹೇಳು, ಹಾಗೆ ಹೇಳು ಎನ್ನುವ ಸೂಚನೆ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

ಅವಳು ಎದ್ದು ನಿಂತಳು.

"ಮುಚ್ಚಿದ್ದು ಹೌದು," ಎಂದಳು. "ಒಂದೇ ಕಡೆ. ಬೆಕ್ಕು ಬಂತು ಅಂದೆ, ಬಂದಿರಲಿಲ್ಲ. ಮಾವ ಹೂಂ ಅನ್ನಲಿಲ್ಲ. ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ."

"ಏನಿತ್ತು?" ಎಂದರು ಯಾರೋ ಕಿಟಕಿಯ ಹತ್ತಿರದಿಂದ.

ಬಾಯಲ್ಲಿ ಹೇಳಲು ಅವಳಿಗೆ ಬರಲಿಲ್ಲ. ಕೈ ತಾನಾಗಿ ಮೇಲೆದ್ದು ಕಿವಿಗೆ ಹೋಯಿತು. ಇನ್ನೊಂದು ಕೈ ಗಾಳಿಯಲ್ಲಿ ತೇಲಿತು. ಕಣ್ಣು ಮುಚ್ಚಿದಳು, ತೂಗಿದಳು, ನಿಧಾನವಾದಳು, ಗಲ್ಲ ಎದೆಗೆ ಬಿತ್ತು. ಬೆಚ್ಚಿ ಎದ್ದು ಆಚೀಚೆ ನೋಡಿ ಮತ್ತೆ ತೂಗಿದಳು. ಮೌನಗೌರಿ ಎಂದೇ ಎಲ್ಲರೂ ತಿಳಿದಿದ್ದ ಹೆಂಗಸು!

"ಇದನ್ನ ಕೇಳಿ ಮಾವ ಎಲ್ಲರಿಗಿಂತ ಜಾಸ್ತಿ ನಕ್ಕರು," ಎಂದಳು. "ಅವರಿಗೆ ನಾನು ಬೇರೇನೂ ಮುಚ್ಚಿಲ್ಲ. ಇಷ್ಟೇ."

ಮಣೆಯ ಮೇಲೆ ಕುಸಿದು ಕೂತಳು. ಮಾವನಿಗೆ ಇದ್ದ ಒಂದೇ ದಾರಿಗೆ ತಾನೇ ಬೀಗ ಜಡಿದೆ ಎನಿಸಿ ಕಣ್ಣು ತುಂಬಿಬಂತು.

ಹಾಸಿಗೆ ಅಂಗಡಿಯ ಅಕ್ಕನ ಮುಖ ಕೆಂಪೇರಿತ್ತು. "ಅಧ್ಯಕ್ಷರೇ, ಇನ್ನೇನು ನೋಡ್ತೀರಿ? ನೀವೇ ಖಂಡಿಸಿ. ನೀವಂತೂ ಆ ಸಿನಿಮಾ ನೋಡಿದೀರಲ್ಲ?"

ಅಧ್ಯಕ್ಷರು ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. "ನೋಡಿಲ್ಲ," ಎಂದರು ಕೊನೆಗೆ. "ನೋಡಿದವರು ಹೇಳಿದ್ದನ್ನ ಕೇಳಿದೆ. ಅವರೂ ನೋಡಿದ್ದರೋ ಇಲ್ಲವೋ ಕೇಳಲಿಲ್ಲ." ಕನ್ನಡಕ ಹಾಕಿಕೊಂಡು ಜನರ ಕಡೆ ತಿರುಗಿದರು. "ನೀವು ಯಾರಾದರೂ?"

ಯಾರೂ ಕೈ ಎತ್ತಲಿಲ್ಲ. ಪೂರ್ತಿ ಕೇಳದೆ ಹೂಂ ಅನ್ನಬಾರದು ಎಂದು ಮಕ್ಕಳಿಗೆ ಕಲಿಸುವ ಕೋಣೆ ಅದು. ಒಂದು ವಾರವಿಡೀ ಅಷ್ಟೂ ಮಂದಿ ಒಟ್ಟಾಗಿ ಉಹೂಂ ಅಂದಿದ್ದರು.

"ಸರಿ ಹಾಗಾದರೆ," ಎಂದರು ಅಧ್ಯಕ್ಷರು. ಅವರಿಗೆ ಈ ಮಾತು ಸುಲಭವಾಗಿ ಬರಲಿಲ್ಲ. ಒಂದೊಂದು ಶಬ್ದವನ್ನೂ ಕಿತ್ತು ಕಿತ್ತು ಇಟ್ಟರು. "ನನಗೆ ಆ ಸಿನಿಮಾ ಇಷ್ಟವಿಲ್ಲ. ನೋಡಿದ ಮೇಲೂ ಇಷ್ಟ ಆಗಲ್ಲ ಅಂತಲೇ ನನ್ನ ಅಂದಾಜು. ಆದರೆ ನೋಡೋ ತನಕ ಅದರ ಬಗ್ಗೆ ಬಾಯಿ ತೆರೆಯೋ ಹಕ್ಕು ನನಗಿಲ್ಲ. ಕುರ್ಚಿಯ ಮಾತು ವಾಪಸ್ ತಗೊಂಡೆ. ಅದು ಹಿರಿಯರದೇ." ಆಮೇಲೆ ಸೊಸೆಯ ಕಡೆ ಬಾಗಿ ದನಿ ತಗ್ಗಿಸಿದರು. "ಮಧ್ಯಾಹ್ನದ ಆಟಕ್ಕೆ ಜನ ಕಡಿಮೆ ಇರ್ತಾರೇನಮ್ಮಾ?"

ಎಷ್ಟೇ ತಗ್ಗಿಸಿದರೂ ಎಲ್ಲರಿಗೂ ಕೇಳಿಸಿತು.

"ಕನ್ನಡಕ ಮರೀಬೇಡಿ," ಎಂದರು ಮಾವ ಕುರ್ಚಿಯಿಂದ. ಇಡೀ ಸಭೆ ಗೊಳ್ಳೆಂದಿತು.

ನಗು ಇಳಿದ ಮೇಲೆ ಮಾವ ಆ ವಾರದ ಪದ ಶುರು ಮಾಡಲು ಸಿದ್ಧರಾದರು. ಬೆನ್ನು ನೆಟ್ಟಗೆ ಮಾಡಿದರು. ಬಲಗೈ ಕಿವಿಗೆ ಹೋಯಿತು. ಅಷ್ಟೇ ಸಾಕಾಯಿತು, ಮುಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ಪುಸಕ್ಕೆಂದರು. ಅವರಿಂದ ಪಕ್ಕದವರಿಗೆ, ಪಕ್ಕದವರಿಂದ ಹಿಂದಿನವರಿಗೆ ಹಬ್ಬಿತು. ಇನ್ನು ಮೇಲೆ ಆ ಕೈ ಎದ್ದಾಗಲೆಲ್ಲ ಹೀಗೇ ಎಂದು ಸೊಸೆಗೆ ಹೊಳೆಯಿತು. ಸಿನಿಮಾ ಒಳಗೆ ಬಂದುಬಿಟ್ಟಿತ್ತು, ಕರೆದುಕೊಂಡು ಬಂದವಳು ಅವಳೇ. ಮಾವನ ತುಟಿಯ ಅಂಚಿನಲ್ಲೂ ನಗುವಿತ್ತು. ಕೈ ಇಳಿಸಲಿಲ್ಲ. ಅಷ್ಟೂ ಜನ ನಕ್ಕು ಮುಗಿಸಲಿ ಎಂದು ಹಾಗೆಯೇ ಕೂತಿದ್ದರು.

ನಗದೆ ಎದ್ದವರು ಒಬ್ಬರೇ. ಹಾಸಿಗೆ ಅಂಗಡಿಯ ಅಕ್ಕ ಸೆರಗು ಬಿಗಿದು, ಕೂತವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆ ಹೊರಟರು. "ಅಕ್ಕಾ, ಕೂತ್ಕೊಳ್ಳಿ," ಎಂದರು ಒಂದಿಬ್ಬರು. "ನನಗೆ ಇದು ನಗೋ ಜಾಗ ಅಲ್ಲ," ಎಂದರು ಅವರು, ದನಿ ಒಡೆದಿತ್ತು. "ನಾನು ಇಲ್ಲಿ ಅಳೋಕೆ ಬರ್ತಿದ್ದೆ."

ಚಪ್ಪಲಿ ಹುಡುಕುವ ಸದ್ದಾಯಿತು. ಯಾರೋ ಬಾಗಿಲು ಹಾಕಲು ಎದ್ದರು. ಮಾವ ಎಡಗೈ ಎತ್ತಿ ತಡೆದರು. ತುಟಿಯ ಅಂಚಿನ ನಗು ಹೋಗಿತ್ತು. ಕಿವಿಯ ಮೇಲಿನ ಕೈ ಈಗ ನಿಜವಾಗಿಯೂ ಕೇಳುವುದಕ್ಕೇ ಇತ್ತು. ಕಬ್ಬಿಣದ ಮೆಟ್ಟಿಲ ಮೇಲೆ ಹೆಜ್ಜೆ ಒಂದೊಂದಾಗಿ ಇಳಿಯಿತು, ನಡುವೆ ಒಂದು ಕಡೆ ನಿಂತಿತು. ಮತ್ತೆ ಇಳಿಯಿತು, ಟೈರ್ ಅಂಗಡಿಯ ಮುಂದಿನ ಜಲ್ಲಿಯ ಮೇಲೆ ಸರಬರ ಎಂದಿತು, ಬೀದಿಯ ಸದ್ದಿನಲ್ಲಿ ಸೇರಿಹೋಯಿತು. ಮಾವ ಅದನ್ನು ಪೂರ್ತಿ ಕೇಳಿ, ಆಮೇಲೆ ಪದ ಎತ್ತಿದರು.